ತುಂಬದ ಟಾಂಗಾ, ಕದಲದ ಸರದಾರ

ಸಂತೆಕಲ್ಲೂರಿನ ಗೌಸ್‌ಸಾಬನ ಎದುರು ಅಪ್ಪಿತಪ್ಪಿಯೂ ಕತ್ತೆ ಎನ್ನಬಾರದು. ಅವನ ತಟ್ಟು ಕುದುರೆ ತುಸು ಗಿಡ್ಡ, ಕಿವಿ ಮಾತ್ರ ಧಾರಾಳ. ಪರವೂರಿನವರು ಯಾರಾದರೂ "ಕತ್ತಿ ಚಲೋ ಐತ್ರಿ" ಅಂದರೋ, ಮುಗಿಯಿತು, ಅವರ ಬಸ್ಸು ತಪ್ಪಿದ ಹಾಗೆಯೇ.

"ಭೀಮಾ ಹೊಳಿ ದಂಡಿ ತಳಿ ಐತ್ರಿ ಇದು! ಮರಾಠರ ದಂಡು ಇಂಥಾವನ್ನ ಹತ್ತೇ ಗುಡ್ಡ ಏರಿ ಇಳೀತಿತ್ತು. ದೊಡ್ಡ ಕುದುರಿ ಕಡ್ಲಿ ಕೇಳ್ತಾವ, ಇದು ಜ್ವಾಳದ ಕಣಕಿ ತಿಂದು ಓಡ್ತೈತಿ. ಗೊರಸು ಮುಟ್ಟಿ ನೋಡ್ರಿ, ಕಲ್ಲು!"

ಹೆಸರು ಸರದಾರ. ಯುದ್ಧಗಿದ್ಧ ಏನೂ ಕಂಡವನಲ್ಲ. ಮಸ್ಕಿ ಸಂತೆಗೆ ಟಾಂಗಾ ಎಳೆದದ್ದೇ ಅವನ ಪರಾಕ್ರಮ. ಷೇರ್ ಆಟೋಗಳು ಬಂದವು, ಟಾಂಗಾ ಮೂಲೆ ಸೇರಿತು. ಆಮೇಲೆ ಸರದಾರನಿಗೆ ತಿನ್ನುವುದೊಂದೇ ಉದ್ಯೋಗ.

ಗೌಸ್‌ಸಾಬನ ಹೆಂಡತಿ ಗುಲ್ಷನ್‌ಬೀಗೆ ಸಾಕಾಗಿ ಹೋಯಿತು. "ಓಣ್ಯಾಗಿನ ತಿಮ್ಮವ್ವನ ಮಗನ ಮದುವಿ ಮೆರವಣಿಗಿ ಒಪ್ಕೊಂಡೀರಲ್ಲ, ಅದರಾಗರ ಇದು ದುಡೀಲಿ. ಅಲ್ಲೂ ಕೆಡಿಸಿದ್ರ ಬರೋ ಸಂತ್ಯಾಗ ಮಾರಿ ಎಮ್ಮಿ ತರೋದ, ನೋಡ್ರಿ ಮತ್ತ!" ಎಂದಳು. ಗುಲ್ಷನ್‌ಬೀ ಆಡಿದರೆ ಆಡಿದ್ದೇ.

ಮದುವೆಯ ಹಿಂದಿನ ದಿನವೇ ಓಣಿಯ ಮಂದಿ ಟಾಂಗಾವನ್ನು ತಿಮ್ಮವ್ವನ ಮನೆಗೆ ತಳ್ಳಿಕೊಂಡು ಹೋಗಿ ಚೆಂಡುಹೂವು ಸುತ್ತಿದ್ದರು. ಬೆಳಿಗ್ಗೆ ಸರದಾರನನ್ನು ಹೂಡಿ, ಮದುವೆ ನಡೆಯುವ ಗುಡಿಗೆ ಕರೆದೊಯ್ಯಲು ಬಾಸಿಂಗ ಕಟ್ಟಿದ ಮದುಮಗ ನರಸಣ್ಣನೊಬ್ಬನನ್ನೇ ಕೂರಿಸಿದರು. ಡೊಳ್ಳು ಮೊಳಗಿತು. ಗೌಸ್‌ಸಾಬ ಲಗಾಮು ಅಲುಗಿಸಿ "ಚಲ್ ಬೇಟಾ" ಎಂದ. ಬೇಟಾ ಕದಲಲಿಲ್ಲ. ಬೆಲ್ಲ ಕೊಟ್ಟರೆ ತಿಂದ, ಕದಲಲಿಲ್ಲ. ಹಿಂದಿನಿಂದ ಗಾಡಿ ನೂಕಿದರೆ ನಾಲ್ಕೂ ಕಾಲು ಊರಿ ನಿಂತ.

"ಗೌಸ್‌ಸಾಬ್, ಅಕ್ಕಿಕಾಳು ಹಾಕೋ ಹೊತ್ತು ಮೀರಾಕತ್ತೈತ್ರಿ! ಗುಡ್ಯಾಗ ಹೆಣ್ಣಿನ ಕಡ್ಯಾವ್ರು ಬಾಯಿ ಮಾಡಾಕತ್ಯಾರ!" ಎಂದು ತಿಮ್ಮವ್ವ ಎದೆ ಬಡಿದುಕೊಂಡಳು.

"ಯವ್ವಾ, ನಾ ನಡಕೊಂಡ ಹೊಕ್ಕೀನಿ" ಎಂದ ನರಸಣ್ಣ.

"ಬಾಯಿ ಮುಚ್ಚಿ ಕುಂದ್ರಲೇ!"

ಕಾರಣ ಗೌಸ್‌ಸಾಬನಿಗೆ ಗೊತ್ತಿತ್ತು, ಹೇಳಲು ನಾಚಿಕೆ. ಟಾಂಗಾ ಭರ್ತಿಯಾಗದೆ ಹೆಜ್ಜೆ ಇಡಬಾರದೆಂದು ಹಿಂದೆ ಪಳಗಿಸಿದವನು ಅವನೇ. ಅವಸರದ ಪ್ಯಾಸೆಂಜರು ಬೈದರೆ, "ನಾ ಏನ್ ಮಾಡ್ಲಿರಿ, ಅದು ಒಲ್ಲೆ ಅಂತೈತಿ" ಎಂದು ಕೈತೊಳೆದುಕೊಳ್ಳಲು ಮಾಡಿದ ಹಿಕಮತ್ತು ಅದು. ಕೊನೆಗೆ ಬಾಯಿಬಿಟ್ಟ: "ಮಂದಿ ಹತ್ರೀ... ತೂಕ ಇಲ್ದ ಇದು ಕದಲೂದಿಲ್ಲ."

ತಿಮ್ಮವ್ವ ಹತ್ತಿದಳು. ಮದುಮಗನ ಸೋದರತ್ತೆ ಜೋಗಮ್ಮ ಹತ್ತಿದಳು. ಡೊಳ್ಳಿನವನು ಡೊಳ್ಳಿನ ಸಮೇತ ಹತ್ತಿದ. ನರಸಣ್ಣನ ಬಾಸಿಂಗ ಡೊಳ್ಳಿಗೂ ಅತ್ತೆಯ ಭುಜಕ್ಕೂ ನಡುವೆ ಸಿಕ್ಕಿ ಸೊಟ್ಟಗಾಯಿತು. ಸರದಾರ ಕತ್ತು ತಿರುಗಿಸಿ ನೋಡಿದ. ಊಹೂಂ, ಇನ್ನೊಬ್ಬರು ಬೇಕು! ಉಳಿದದ್ದು ಮುಂದೆ, ಗೌಸ್‌ಸಾಬನ ಪಕ್ಕದ ಜಾಗ. ಬಾಲದ ಏಟು ನೇರ ಮುಖಕ್ಕೆ ಬೀಳುವ ಆ ಜಾಗಕ್ಕೆ ರೇಷ್ಮೆ ಉಟ್ಟವರಾರೂ ಬರಲೊಲ್ಲರು.

ಗೋಡೆ ಪಕ್ಕ ಗುಲ್ಷನ್‌ಬೀ ನಿಂತಿದ್ದಳು. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಎಮ್ಮೆ ಅವಳದೇ. ಗೌಸ್‌ಸಾಬ ಅವಳತ್ತ ನೋಡಿದ. ಕೇಳುವ ಧೈರ್ಯ ಬರಲಿಲ್ಲ. ಸರದಾರನ ಬೆನ್ನ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ. ಅವನ ಕಣ್ಣು ತುಂಬಿತ್ತು.

"ಸರೀರಿ ಅತ್ಲಾಗ!" ಎನ್ನುತ್ತ ಗುಲ್ಷನ್‌ಬೀ ಸೆರಗು ಸಿಕ್ಕಿಸಿ ಹತ್ತಿ ಕೂತೇಬಿಟ್ಟಳು.

ಸರದಾರ ಹೊರಟ ನೋಡಿ! ಡೊಳ್ಳಿನವನಿಗೆ ಬಡಿಯಲೂ ಪುರಸೊತ್ತಿಲ್ಲ, ಮೆರವಣಿಗೆಯ ಮಂದಿ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದರು. ಗೌಸ್‌ಸಾಬ ಮೆಲ್ಲಗೆ, "ಮತ್ತ... ಎಮ್ಮಿ?" ಎಂದ.

"ನೀವು ಹಿಂಗ ಮುಖ ಸಣ್ಣದು ಮಾಡ್ಕೊಂಡು ಕುಂತ್ರ ಹಾಲು ಕರ್ದು ನಾ ಯಾರಿಗೆ ಕುಡಿಸ್ಲಿ?" ಎಂದಳು ಗುಲ್ಷನ್‌ಬೀ. "ಹೊಡೀರಿ ಗಾಡಿ!"