ಫೌಜಿಗಳ ಸಾಲಿನಲ್ಲಿ ಜೆಸ್ಸಿಯ ಕುರ್ಚಿ

ಕಾರ್ಕಳದಿಂದ ಹೊರಟ ಮೊದಲ ಬಸ್ಸು ಮಣಿಪಾಲದಲ್ಲಿ ಜೆಸ್ಸಿಯವರನ್ನು ಇಳಿಸುವಾಗ ಬೀದಿದೀಪಗಳು ಇನ್ನೂ ಆರಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿ ತೆರೆಯಲು ಬಹಳ ಹೊತ್ತಿದೆ. ಆದರೂ ಲಿಫ್ಟಿಗೂ ಔಷಧಿ ಕೌಂಟರಿಗೂ ನಡುವಿನ ಓಣಿಯಲ್ಲಿ ಏಳೆಂಟು ಗಂಡಸರು ಆಗಲೇ ಬಂದು ನಿಂತಿದ್ದಾರೆ. ನುಣ್ಣಗೆ ಬೋಳಿಸಿದ ಗಲ್ಲ, ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಶೂ. ಗೋಡೆಯುದ್ದಕ್ಕೂ ಕುರ್ಚಿಗಳು ಖಾಲಿ ಇವೆ, ಒಬ್ಬರೂ ಕೂತಿಲ್ಲ. ಸೈನ್ಯ ಬಿಟ್ಟು ಎಷ್ಟೋ ವರ್ಷವಾದರೂ ಕರೆಯುವ ಮೊದಲೇ ಬಂದು ನಿಲ್ಲುವ ಅಭ್ಯಾಸ ಬಿಟ್ಟಿಲ್ಲ.

ಜೆಸ್ಸಿ ಇಲ್ಲಿ ಮಾಜಿ ಸೈನಿಕರಿಗಾಗಿ ಇರುವ ವೈದ್ಯಕೀಯ ಸಮಾಜ ಕಾರ್ಯಕರ್ತೆ. ಓಣಿಯ ಮೂಲೆಯಲ್ಲಿ ಅವರಿಗೊಂದು ಮೇಜು ಇದೆ, ಹೆಸರಿನ ಫಲಕವಿಲ್ಲ. ಚೀಲವನ್ನು ಅದರ ಮೇಲಿಟ್ಟು ಅವರು ನೇರ ಗೋಡೆಯ ಕಡೆಗೆ ಬಂದು, ಸಾಲಿನ ನಡುವಿನ ಕುರ್ಚಿಯೊಂದರಲ್ಲಿ ತಾವೇ ಮೊದಲು ಕೂರುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಗಂಡಸರೂ ಕೂರುತ್ತಾರೆ.

"ಕೂತುಕೊಳ್ಳಿ ಎಂದರೆ ಕೂರುವ ಜನ ಅಲ್ಲ ಇವರು," ಎನ್ನುತ್ತಾರೆ ಜೆಸ್ಸಿ. "ನಾನು ನಿಂತರೆ ಇವರೂ ಅಟೆನ್ಷನ್. ನಾನು ಕೂತರೆ ಮಾತ್ರ ಇವರ ಮಂಡಿ ಬಗ್ಗುವುದು. ಹೇಗಿದ್ದೀರಿ ಎಂದು ಕೇಳಿಯೂ ಪ್ರಯೋಜನ ಇಲ್ಲ. ಎಲ್ಲರದ್ದೂ ಒಂದೇ ಉತ್ತರ, ಠೀಕ್ ಹೈ."

ಉಚ್ಚಿಲದ ನಿವೃತ್ತ ತೋಪುಗಾರರೊಬ್ಬರು ವರ್ಷಗಟ್ಟಲೆ ವೈದ್ಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರಂತೆ. ಒಂದು ದಿನ ಪಕ್ಕದಲ್ಲಿ ಕೂತು ಜೆಸ್ಸಿ ಮೆಲ್ಲಗೆ, "ಅಂಕಲ್, ನಿಮ್ಮ ಮೀಸೆಗೆ ಬೆಂಕಿ ಹತ್ತಿದೆ," ಎಂದರು. ಅವರು ಗಂಭೀರವಾಗಿ "ಠೀಕ್ ಹೈ" ಎಂದರು. ಮರುವಾರವೇ ಶ್ರವಣ ಯಂತ್ರಕ್ಕೆ ಅರ್ಜಿ ಹೋಯಿತು. ಕೃತಕ ಕಾಲು ಅಳತೆ ತಪ್ಪಿ ಉಜ್ಜುವುದು, ಪಿಂಚಣಿಗೆ ಬೇಕಾದ ಜೀವಿತ ಪ್ರಮಾಣಪತ್ರ, ಕುಡಿತ, ನಿದ್ದೆ, ದೊಡ್ಡ ಆಸ್ಪತ್ರೆಗೆ ಹೋಗಲು ಬೇಕಾದ ಒಪ್ಪಿಗೆ ಪತ್ರ, ಎಲ್ಲವೂ ಇದೇ ಸಾಲಿನ ಕುರ್ಚಿಗಳಲ್ಲಿ ತೀರ್ಮಾನವಾಗುತ್ತದೆ. ದಿನಕ್ಕೆ ಇಪ್ಪತ್ತು ಮಂದಿಯಾದರೂ ಬರುತ್ತಾರೆ. ಗುರುವಾರ ಮಾನಸಿಕ ಆರೋಗ್ಯ ವಿಭಾಗದ ದಿನ, ಅವತ್ತು ಇನ್ನೂ ಹೆಚ್ಚು.

ಇವತ್ತೂ ಗುರುವಾರ. ಗೋಡೆಯ ತುದಿಯ ಕುರ್ಚಿ ಖಾಲಿ ಇದೆ. ಜೆಸ್ಸಿ ಪಕ್ಕದವರ ಸಕ್ಕರೆ ಕಾಯಿಲೆಯ ಕಥೆ ಕೇಳುತ್ತಲೇ ಬಾಗಿಲ ಕಡೆ ನೋಡುತ್ತಾರೆ. ಅದು ಶಿರ್ವದ ನಿವೃತ್ತ ಹವಲ್ದಾರ್ ಜೋಕಿಮ್ ಕೂರುವ ಜಾಗ. ಮೂರು ವಾರದಿಂದ ಅವರು ಬಂದಿಲ್ಲ. ಮನೆಯಲ್ಲಿರುವ ಮಾತ್ರೆ ಇಷ್ಟರಲ್ಲಿ ಮುಗಿದಿರಬೇಕು. ಆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಅಪಾಯ ಎಂದು ವೈದ್ಯರು ಎಚ್ಚರಿಸಿದ್ದಾರೆ. ಫೋನ್ ಮಾಡಿದರೆ ಅವರ ಹೆಂಡತಿ ಅಪೊಲೋನಿಯಾ ಎತ್ತಿ, "ಅವರು ಇಲ್ಲ," ಎಂದು ಇಟ್ಟುಬಿಡುತ್ತಾರೆ. ಹಿಂದಿನಿಂದ ಜೋಕಿಮ್ ಕೆಮ್ಮುವುದು ಕೇಳಿಸುತ್ತದೆ.

*

ಜೆಸ್ಸಿಗೆ ಈಗ ನಲವತ್ತೊಂದು. ತಂದೆ ಬ್ಯಾಪ್ಟಿಸ್ಟ್ ನಾಯಬ್ ಸುಬೇದಾರ್ ಆಗಿದ್ದವರು. ಅಂಬಾಲಾ, ಝಾನ್ಸಿ, ಬೆಳಗಾವಿ ಎಂದು ಬಾಲ್ಯವೆಲ್ಲ ಸೈನ್ಯದ ಕ್ವಾರ್ಟರ್ಸಿನಲ್ಲಿ ಕಳೆಯಿತು. ಹಿಂದಿ ಮೊದಲು ಬಂತು, ಕನ್ನಡ ಅಕ್ಷರ ಕಲಿತದ್ದು ಕಾರ್ಕಳದ ಪಕ್ಕದ ತಮ್ಮೂರು ಕುಕ್ಕುಂದೂರಿಗೆ ವಾಪಸು ಬಂದ ಮೇಲೆ. ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿದ್ದಾರೆ. ಇಲ್ಲಿನ ಕೆಲಸವನ್ನು ವರ್ಷ ವರ್ಷವೂ ಹೊಸದಾಗಿ ಮಂಜೂರು ಮಾಡಬೇಕು. ಮಾರ್ಚ್ ಬಂದರೆ ಅವರಿಗೆ ಪ್ರತಿ ಸಲವೂ ನಿದ್ದೆ ಕೆಡುತ್ತದೆ.

ಈ ಕೆಲಸಕ್ಕೇ ಯಾಕೆ ಬಂದಿರಿ ಎಂದರೆ ಅವರು ಪುತ್ತುಬ್ಬ ಎಂಬವರ ಮಾತೆತ್ತುತ್ತಾರೆ. ಪುತ್ತುಬ್ಬ ಕುಕ್ಕುಂದೂರಿನವರೇ, ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು, ಜೆಸ್ಸಿಯ ಬಾಯಲ್ಲಿ ಪುತ್ತುಬ್ಬಾಕ. ದಿನಾ ಸಂಜೆ ಬ್ಯಾಪ್ಟಿಸ್ಟರ ಮನೆಯ ಜಗಲಿಗೆ ಬರುತ್ತಾರೆ. ಇಬ್ಬರ ಮಾತು ಕತ್ತಲಾಗುವವರೆಗೂ ನಡೆಯುತ್ತದೆ.

"ನಾನು ಚಹಾ ತೆಗೆದುಕೊಂಡು ಹೋದ ಕೂಡಲೇ ಮಾತು ನಿಲ್ಲುತ್ತದೆ," ಎನ್ನುತ್ತಾರೆ ಜೆಸ್ಸಿ. "ಚಿಕ್ಕವಳಿದ್ದಾಗಿನಿಂದ ಹೀಗೇ. ನಾನು ಒಳಗೆ ಹೋದ ಮೇಲೆ ಮತ್ತೆ ಶುರು. ಅಪ್ಪ ಪುತ್ತುಬ್ಬಾಕನಿಗೆ ಎಂತ ಹೇಳುತ್ತಾರೆ, ನನಗೆ ಯಾಕೆ ಹೇಳುವುದಿಲ್ಲ? ನನಗೆ ಅವರ ಮೇಲೆ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ. ಒಳ್ಳೆಯ ಮನುಷ್ಯ. ಆದರೂ ಅವರ ಚಪ್ಪಲಿ ಮೆಟ್ಟಿಲಲ್ಲಿ ಕಂಡರೆ ನನಗೆ ಒಳಗೆ ಏನೋ ಆಗುತ್ತದೆ."

ಅಪ್ಪ ಹೇಳದಿದ್ದರೆ ಬೇರೆ ಅಪ್ಪಂದಿರಾದರೂ ಹೇಳಲಿ ಎಂದು ಅವರು ಈ ಸಾಲಿನಲ್ಲಿ ಬಂದು ಕೂತರು. ಹೇಳಿಸುವುದಕ್ಕೆ ದಾರಿಯೂ ಸಿಕ್ಕಿತು, ಅದು ಹಿಂದಿ. ಕರಾವಳಿಯ ಈ ಗಂಡಸರು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುತ್ತಾರೆ. ಸೈನ್ಯದ ಬದುಕನ್ನು ಬದುಕಿದ್ದು ಮಾತ್ರ ಹಿಂದಿಯಲ್ಲಿ. ಜೆಸ್ಸಿ "ಸಾಬ್, ಯುನಿಟ್ ಯಾವುದು?" ಎಂದು ಹಿಂದಿಯಲ್ಲಿ ಕೇಳಿದರೆ ಬಾಯಿಯ ಬೀಗ ಸಡಿಲಾಗುತ್ತದೆ. ಜೋಕಿಮ್ ಕೂಡ ಹಾಗೆಯೇ ತೆರೆದುಕೊಂಡವರು. ನಿವೃತ್ತರಾಗಿ ಬಂದ ಮೇಲೆ ಅವರು ಒಂದು ರಾತ್ರಿಯೂ ಹೆಂಡತಿಯ ಕೋಣೆಯಲ್ಲಿ ಮಲಗಿಲ್ಲ. ಮಳೆ ಬರಲಿ, ಚಳಿ ಇರಲಿ, ಜಗಲಿಯ ಬೆಂಚೇ ಹಾಸಿಗೆ. ಯಾಕೆಂದು ಜೆಸ್ಸಿಗೆ ಹೇಳಿದ್ದರು, ಅಪೊಲೋನಿಯಾಗೆ ಹೇಳಿರಲಿಲ್ಲ.

*

ಶನಿವಾರ ಬೆಳಿಗ್ಗೆ ಜೆಸ್ಸಿ ಮಾತ್ರೆಗಳ ಪೊಟ್ಟಣ ಹಿಡಿದು ಶಿರ್ವಕ್ಕೆ ಹೋಗುತ್ತಾರೆ. ಗಲ್ಫಿನ ದುಡ್ಡಿನಲ್ಲಿ ಎದ್ದ ಎರಡು ದೊಡ್ಡ ಮನೆಗಳ ನಡುವೆ ಜೋಕಿಮರ ಹಂಚಿನ ಮನೆ. ಅಂಗಳದ ತುಂಬ ಮಲ್ಲಿಗೆ ಗಿಡಗಳು. ಅಪೊಲೋನಿಯಾ ಬುಟ್ಟಿ ಸೊಂಟಕ್ಕೊತ್ತಿ ಮೊಗ್ಗು ಕೊಯ್ಯುತ್ತಿದ್ದಾರೆ, ಹೂ ಕೊಳ್ಳುವ ಏಜೆಂಟ್ ಬರುವ ಮೊದಲು ಕಟ್ಟಿ ಮುಗಿಯಬೇಕು. ಜೋಕಿಮ್ ಜಗಲಿಯ ಬೆಂಚಿನಲ್ಲಿ ಕೂತಿದ್ದಾರೆ. ಕಣ್ಣು ಕೆಂಪಾಗಿದೆ, ಕೈ ಸಣ್ಣಗೆ ನಡುಗುತ್ತಿದೆ.

"ನಮಸ್ತೇ ಹವಲ್ದಾರ್ ಸಾಬ್," ಎಂದು ಜೆಸ್ಸಿ ಎಂದಿನಂತೆ ಹಿಂದಿಯಲ್ಲೇ ಶುರು ಮಾಡುತ್ತಾರೆ. ಜೋಕಿಮರ ಮುಖ ಅರಳುತ್ತದೆ. ಅವರೂ ಹಿಂದಿಯಲ್ಲಿ ಏನೋ ಹೇಳಿ ನಗುತ್ತಾರೆ.

ಅಪೊಲೋನಿಯಾ ಬುಟ್ಟಿಯನ್ನು ಜಗಲಿಯ ಮೇಲೆ ಕುಕ್ಕುತ್ತಾರೆ.

"ಮೇಡಂ, ಒಂದು ಕೇಳುತ್ತೇನೆ. ನಿಮಗೆ ಕೊಂಕಣಿ ಬರುವುದಿಲ್ಲವಾ?"

"ಬರುತ್ತದಲ್ಲ ಆಂಟಿ. ನಮ್ಮದೂ ಮನೆಮಾತು ಅದೇ."

"ಅವರಿಗೂ ಬರುತ್ತದೆ. ನನಗೂ ಬರುತ್ತದೆ. ಮೂವರಿಗೂ ಕೊಂಕಣಿ ಬರುತ್ತದೆ. ಮತ್ತೆ ಈ ಹಿಂದಿ ಯಾರಿಗೆ?" ಅಪೊಲೋನಿಯಾ ಪಕ್ಕದ ದೊಡ್ಡ ಮನೆಯ ಕಡೆ ಕೈ ತೋರಿಸುತ್ತಾರೆ. "ಆ ಮನೆಯವಳ ಗಂಡ ಗಲ್ಫಿನಿಂದ ಬರುವಾಗ ಸೆಂಟು ತಂದ, ಚಿನ್ನ ತಂದ. ನನ್ನವರು ತಂದದ್ದು ಒಂದು ಕಪ್ಪು ಟ್ರಂಕು. ಅದಕ್ಕೂ ನಾನು ಬೇಜಾರು ಮಾಡಲಿಲ್ಲ. ನನ್ನ ಹತ್ತಿರ ಎರಡು ಮಾತಾಡದವರು ನಿಮ್ಮ ಹತ್ತಿರ ಗುರುವಾರ ಗುರುವಾರ ನಗುತ್ತಾರೆ. ಶೇವ್ ಮಾಡಿ, ಪೌಡರ್ ಹಾಕಿ ಬರುತ್ತಾರೆ. ನಮ್ಮ ಮದುವೆಗೂ ಅಷ್ಟು ತಯಾರಾಗಿ ಬಂದಿರಲಿಲ್ಲ ಮಾರಾಯ್ರೆ."

ಜೋಕಿಮ್ ತಲೆ ತಗ್ಗಿಸುತ್ತಾರೆ. "ಮಾತ್ರೆ ಬೇಡ ಎಂದದ್ದು ನಾನೇ," ಎಂದು ಗೊಣಗುತ್ತಾರೆ.

"ಇಲ್ಲ, ನಾನೇ ಕಳಿಸಲಿಲ್ಲ," ಎನ್ನುತ್ತಾರೆ ಅಪೊಲೋನಿಯಾ. "ಇವರು ನಿಮಗೆ ಹೇಳಿದ್ದನ್ನು ನನಗೆ ಹೇಳಿ. ಆಮೇಲೆ ಕಳಿಸುತ್ತೇನೆ."

ರೋಗಿ ಹೇಳಿದ್ದನ್ನು ಜೆಸ್ಸಿ ಬೇರೆಯವರಿಗೆ ಹೇಳುವಂತಿಲ್ಲ, ಹೆಂಡತಿಗೂ ಹೇಳುವಂತಿಲ್ಲ. ಹಾಗೆಂದು ವಿವರಿಸಲು ಬಾಯಿ ತೆರೆದವರಿಗೆ ಅಪೊಲೋನಿಯಾ ನಿಂತಿರುವ ಜಾಗ ಕಾಣುತ್ತದೆ. ಜಗಲಿಯ ಮೆಟ್ಟಿಲು, ಪಕ್ಕದಲ್ಲಿ ಬುಟ್ಟಿ, ಮಾತು ಮುಗಿಯಲಿ ಎಂದು ಕಾಯುವ ಮುಖ. ಕುಕ್ಕುಂದೂರಿನಲ್ಲಿ ಚಹಾದ ತಟ್ಟೆ ಹಿಡಿದು ತಾವು ನಿಲ್ಲುವುದೂ ಹೀಗೆಯೇ. "ಆ ಮನೆಯಲ್ಲಿ ನಾನೇ ಪುತ್ತುಬ್ಬಾಕ ಆಗಿದ್ದೆ," ಎಂದು ಜೆಸ್ಸಿ ಈಗ ಹೇಳುತ್ತಾರೆ. "ಜೋಕಿಮ್ ಅಂಕಲನ ಬಾಯಿ ತೆರೆಸಿದ್ದು ನನ್ನ ಹಿಂದಿ ಎಂದು ನನಗೆ ಜಂಬ ಇತ್ತು. ಆ ಹಿಂದಿಯೇ ಆಂಟಿಯನ್ನು ಹೊರಗೆ ನಿಲ್ಲಿಸಿತ್ತು."

ಅವರು ಕೊಂಕಣಿಗೆ ಹೊರಳುತ್ತಾರೆ. ಮೊದಲು ಮಾತ್ರೆಯ ಮಾತು, ಇವತ್ತಿನದನ್ನು ಈಗಲೇ ನುಂಗಬೇಕು. ಅಪೊಲೋನಿಯಾ ನೀರು ತಂದು ಕೊಡುತ್ತಾರೆ. ಆಮೇಲೆ ಜೆಸ್ಸಿ ಜಗಲಿಯ ನೆಲದ ಮೇಲೆ ಕೂರುತ್ತಾರೆ, ಅಪೊಲೋನಿಯಾರನ್ನೂ ಕೂರಿಸುತ್ತಾರೆ.

"ಅಂಕಲ್, ನೀವೇ ಹೇಳಬೇಕು. ನಾನು ಹೇಳಲಿಕ್ಕಿಲ್ಲ."

"ಕೊಂಕಣಿಯಲ್ಲಿ ನನಗೆ ಬರುವುದಿಲ್ಲ," ಎನ್ನುತ್ತಾರೆ ಜೋಕಿಮ್. "ಅಲ್ಲಿಯದ್ದು ಇಲ್ಲಿಯ ಭಾಷೆಯಲ್ಲಿ ಹೇಗೆ ಹೇಳುವುದು?"

ಏಜೆಂಟ್ ಬರುವ ಹೊತ್ತು ಸಮೀಪಿಸುತ್ತಿದೆ, ಬುಟ್ಟಿಯಲ್ಲಿ ಮೊಗ್ಗು ಹಾಗೇ ಇದೆ. ಅಪೊಲೋನಿಯಾಗೆ ತಡೆಯಲಾಗುವುದಿಲ್ಲ. ಬಾಳೆನಾರಿನ ಒಂದು ಎಳೆಯನ್ನು ಗಂಡನ ತೊಡೆಯ ಮೇಲೆ ಎಸೆದು, "ಹೇಳಲಿಕ್ಕೆ ಬರುವುದಿಲ್ಲವಾದರೆ ಕಟ್ಟಿ. ಕೈಗಾದರೂ ಕೆಲಸ ಇರಲಿ," ಎನ್ನುತ್ತಾರೆ.

ಜೋಕಿಮ್ ಕಟ್ಟುತ್ತಾರೆ. ನಡುಗುವ ಬೆರಳಿಗೆ ಮೊದಲ ಗಂಟುಗಳು ಜಾರುತ್ತವೆ. ಅಪೊಲೋನಿಯಾ ಮೊಗ್ಗು ಜೋಡಿಸಿ ಕೊಡುತ್ತಾ ಹೋಗುತ್ತಾರೆ. ಅರ್ಧ ಚೆಂಡು ಹೂ ಕಟ್ಟಿ ಮುಗಿಯುವ ಹೊತ್ತಿಗೆ, ಅದರಿಂದ ಕಣ್ಣೆತ್ತದೆ, ಜೋಕಿಮ್ ಕೊಂಕಣಿಯಲ್ಲಿ ಶುರು ಮಾಡುತ್ತಾರೆ. ಗಡಿಯ ಬೆಟ್ಟದ ಮೇಲೆ ಒಂದು ಕಾವಲು ಚೌಕಿ. ಕತ್ತಲಲ್ಲಿ ನುಗ್ಗಿದ ಒಬ್ಬ ಮನುಷ್ಯ. ಅವನ ಕುತ್ತಿಗೆ ತನ್ನ ಕೈಯಲ್ಲಿ. ಆಮೇಲೆ ರಜೆ, ಇದೇ ಮನೆ, ಒಳಗಿನ ಕೋಣೆ. ಎಚ್ಚರವಾದಾಗ ಅದೇ ಕೈ ಹೆಂಡತಿಯ ಕುತ್ತಿಗೆಯ ಮೇಲಿತ್ತು.

"ನಿನಗೆ ಗೊತ್ತಾಗಲಿಲ್ಲ ಎಂದುಕೊಂಡೆ. ನೀನು ಆಚೆ ತಿರುಗಿ ಮಲಗಿದ್ದೆ. ಇನ್ನೊಂದು ಸಲ ಹಾಗೆ ಆದರೆ? ಅದಕ್ಕೇ ಹೊರಗೆ ಮಲಗಿದೆ."

ಅಪೊಲೋನಿಯಾ ಮೊಗ್ಗು ಜೋಡಿಸುವುದನ್ನು ನಿಲ್ಲಿಸುತ್ತಾರೆ.

"ಗೊತ್ತಾಗದೆ ಎಂತ? ನಾನೇ ನಿಮ್ಮ ಕೈ ಕಚ್ಚಿದ್ದಲ್ವಾ ಬಿಡಿಸಲಿಕ್ಕೆ?"

"ನೀನು ಕಚ್ಚಿದ್ದಾ?"

"ಮತ್ತೆ? ರಕ್ತ ಬಂದಿತ್ತು. ಅದೇ ಸಿಟ್ಟಿನಲ್ಲಿ ಹೊರಗೆ ಮಲಗಿದಿರಿ ಎಂದು ನಾನು ಇಷ್ಟು ವರ್ಷ…"

"ಮಂಚದ ಮೊಳೆ ತಾಗಿತು ಎಂದುಕೊಂಡಿದ್ದೆ," ಎಂದು ಜೋಕಿಮ್ ಅಂಗೈಯ ಬದಿಯ ಹಳೆಯ ಕಲೆಯನ್ನು ನೋಡುತ್ತಾರೆ. "ಮೊಳೆಯನ್ನು ಕಿತ್ತು ಬಿಸಾಡಿದ್ದೆ ಕೂಡ."

ಅಪೊಲೋನಿಯಾ ನಗುತ್ತಾರೋ ಅಳುತ್ತಾರೋ ತಿಳಿಯುವುದಿಲ್ಲ. ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡತೊಡಗುತ್ತಾರೆ, ಅರ್ಧ ವಾಕ್ಯಕ್ಕೇ ಒಬ್ಬರಿಗೊಬ್ಬರು ಅರ್ಥವಾಗುವಂಥ ಮಾತು. ಅಲ್ಲಿ ಮೂರನೆಯವರೊಬ್ಬರು ಇದ್ದಾರೆ ಎಂಬುದು ಅವರಿಗೆ ಮರೆತುಹೋಗಿದೆ. ಜೆಸ್ಸಿ ಎದ್ದು ಅಂಗಳಕ್ಕಿಳಿದು, ಉಳಿದ ಮೊಗ್ಗುಗಳನ್ನು ಕೊಯ್ಯಲು ನಿಲ್ಲುತ್ತಾರೆ.

"ಕೆಲಸ ಆಯಿತು ಎಂದು ಖುಷಿಯಾಗಬೇಕಿತ್ತು," ಎನ್ನುತ್ತಾರೆ ಅವರು. "ಹೊಟ್ಟೆಕಿಚ್ಚು ಆಯಿತು. ತಿಂಗಳುಗಟ್ಟಲೆ ನನಗೆ ಮಾತ್ರ ಗೊತ್ತಿದ್ದ ಮಾತು ಅದು. ಒಂದು ಬುಟ್ಟಿ ಹೂವಿನಲ್ಲಿ ಆಂಟಿ ತೆಗೆದುಕೊಂಡುಬಿಟ್ಟರು. ತೆಗೆದುಕೊಳ್ಳಬೇಕಾದವರೂ ಅವರೇ."

*

ಈಗ ಗುರುವಾರಗಳಂದು ಗೋಡೆಯ ತುದಿಯಲ್ಲಿ ಎರಡು ಕುರ್ಚಿ ತುಂಬಿರುತ್ತವೆ. ಅಪೊಲೋನಿಯಾ ಜೆಸ್ಸಿಗೂ ಗಂಡನಿಗೂ ನಡುವೆ ಕೂರುತ್ತಾರೆ, ಮಾತ್ರೆಯ ಲೆಕ್ಕವನ್ನೂ ಅವರೇ ಒಪ್ಪಿಸುತ್ತಾರೆ. ಜೋಕಿಮ್ ಈಗಲೂ ಜಗಲಿಯಲ್ಲೇ ಮಲಗುತ್ತಾರೆ. ಬೆಂಚಿನ ಪಕ್ಕಕ್ಕೆ ಅಪೊಲೋನಿಯಾರ ಮಂಚವೂ ಬಂದಿದೆ. ನಡುವೆ ಒಂದು ಕೈಯಳತೆ ಜಾಗ ಇರಲಿ ಎಂದು ವೈದ್ಯರು ಹೇಳಿದ್ದಾರೆ. "ಕಚ್ಚಲಿಕ್ಕೆ ಈಗ ಹಲ್ಲೂ ಇಲ್ಲ," ಎನ್ನುತ್ತಾರೆ ಅಪೊಲೋನಿಯಾ.

ಈ ಬರಹದಲ್ಲಿ ಹೆಸರು ಬದಲಿಸಬಹುದು ಎಂದಾಗ ಜೋಕಿಮ್ ಹೆಂಡತಿಯ ಮುಖ ನೋಡಿದರು. ಅಪೊಲೋನಿಯಾ ಒಪ್ಪಲಿಲ್ಲ. "ನಮ್ಮ ಹೆಸರೇ ಹಾಕಿ. ಬೇರೆ ಹೆಸರು ಹಾಕಿದರೆ ಅದು ಇನ್ಯಾರದ್ದೋ ಗಂಡನ ಕಥೆ ಆಗುತ್ತದೆ."

ನಿಮಗೆ ಇನ್ನೇನು ಬೇಕು ಎಂದು ಕೇಳಿದರೆ ಜೆಸ್ಸಿ ಕೆಲಸ ಕಾಯಂ ಆಗುವ ಮಾತೆತ್ತುವುದಿಲ್ಲ. "ನಾನು ಚಹಾ ತಂದಾಗ ಜಗಲಿಯಲ್ಲಿ ಮಾತು ನಿಲ್ಲಬಾರದು. ಒಂದು ದಿನ ಸಾಕು."

ಪಕ್ಕದ ಕುರ್ಚಿಯಿಂದ ಅಪೊಲೋನಿಯಾ ಇದನ್ನು ಕೇಳಿಸಿಕೊಂಡಿದ್ದಾರೆ. ಈಗ ಅವರು ಮೇಡಂ ಎನ್ನುವುದಿಲ್ಲ, ಮಗಳನ್ನು ಕರೆಯುವಂತೆ ಬಾಯೆ ಎನ್ನುತ್ತಾರೆ.

"ಚಹಾ ಕೊಟ್ಟು ನೀನು ಎಂತ ಮಾಡುತ್ತೀ ಬಾಯೆ?"

"ನಿಲ್ಲುತ್ತೇನೆ. ಕಪ್ಪು ತೆಗೆದುಕೊಂಡು ಹೋಗಬೇಕಲ್ಲ."

"ಇಲ್ಲಿ ಊರಿನವರ ಗಂಡಂದಿರ ಸಾಲಿನಲ್ಲಿ ಮೊದಲು ನೀನೇ ಕೂರುತ್ತೀ. ಅಲ್ಲಿ ಯಾಕೆ ನಿಲ್ಲುವುದು? ಕೂತುಕೋ."

ಆ ಸಂಜೆ ಕುಕ್ಕುಂದೂರಿನ ಮೆಟ್ಟಿಲಲ್ಲಿ ಪುತ್ತುಬ್ಬರ ಚಪ್ಪಲಿ ಇದೆ. ಜೆಸ್ಸಿ ಮೂರು ಲೋಟ ಚಹಾ ತರುತ್ತಾರೆ. ಮಾತು ನಿಲ್ಲುತ್ತದೆ. ಅವರು ಎರಡು ಲೋಟ ಕೊಟ್ಟು, ಮೂರನೆಯದನ್ನು ಹಿಡಿದು, ಅಪ್ಪನ ಪಕ್ಕದಲ್ಲಿ ಕೂರುತ್ತಾರೆ. ಬ್ಯಾಪ್ಟಿಸ್ಟ್ ಮಗಳನ್ನು ನೋಡುತ್ತಾರೆ, ಚಹಾ ನೋಡುತ್ತಾರೆ, ರಸ್ತೆ ನೋಡುತ್ತಾರೆ. ಲೋಟಗಳು ಖಾಲಿಯಾಗುತ್ತವೆ. ಜೆಸ್ಸಿ ಏಳುವುದಿಲ್ಲ.

ಕೊನೆಗೆ ಪುತ್ತುಬ್ಬ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಸಾಬ್, ಆ ಸೇತುವೆ ದಾಟಿದಲ್ಲಿಗೆ ಬಂದಿದ್ದೆವು."

"ಇವಳಿಗೆ ಮೊದಲಿನದು ಗೊತ್ತಿಲ್ಲ," ಎನ್ನುತ್ತಾರೆ ಬ್ಯಾಪ್ಟಿಸ್ಟ್. "ಮೊದಲಿನಿಂದ ಹೇಳಬೇಕಾಗುತ್ತದೆ."