ಮೇಲಿನ ಮನೆಯ ನೀರು

ಅವರ ಬೆರಳ ತುದಿಗಳು ಯಾವಾಗಲೂ ನೆನೆಸಿದ ಬಾದಾಮಿಯ ಸಿಪ್ಪೆಯಂತೆ ನಿರಿಗೆ ಬಿದ್ದಿರುತ್ತಿದ್ದವು. ಸಾಂಗ್ಲಿಯ ಪೇಟೆಯಲ್ಲಿ ಆಯುಷ್ಯವೆಲ್ಲ ಅರಿಷಿಣ ಮಾರಿದ ಮನುಷ್ಯ; ಉಗುರಿನ ಸಂದಿಯ ಹಳದಿ ಎಲ್ಲಿಂದ ಬಂತೆಂದು ಯಾರಾದರೂ ಹೇಳಬಹುದಿತ್ತು. ಆ ನಿರಿಗೆ ಎಲ್ಲಿಂದ ಬಂತೆಂದು ನನಗೆ ತಿಳಿಯಲು ಮಾತ್ರ ಎರಡು ಮಳೆಗಾಲ ಬೇಕಾದವು.

ಅವರು ನಮ್ಮ ಮನೆಯ ಮಾಲಕರು. ಕಾಕಾ ಎನ್ನುತ್ತಿದ್ದೆವು. ಮಿರಜಿನ ಆ ಮನೆಯಲ್ಲಿ ಮೇಲೆ ಅವರು ಮತ್ತು ಹಾಸಿಗೆ ಹಿಡಿದ ಅವರ ಹೆಂಡತಿ ಕಾಕು, ಕೆಳಗೆ ಬಾಡಿಗೆಗೆ ನಾನು ಮತ್ತು ನನ್ನ ಅವ್ವ. ಕುಪವಾಡದ ಕಾರಖಾನೆಗೆ ಹತ್ತಿರವೆಂದು ನಾನು ಮನೆ ಕೇಳಿದ್ದೆ. ಅವರು ಕೊಟ್ಟದ್ದು ಅವ್ವನ ಬಾಯಿಂದ ಕನ್ನಡ ಬಂತೆಂದು. "ಈ ಮರಾಠಿ ಓಣ್ಯಾಗ ನನ್ನ ಜೋಡಿ ಕನ್ನಡದಾಗ ಜಗಳಾಡಾಕ ಒಬ್ಬರೂ ಇರಲಿಲ್ಲ ನೋಡ್ರಿ" ಎಂದಿದ್ದರು.

ಜಗಳಕ್ಕೆ ವಿಷಯ ಬೇಗನೆ ಸಿಕ್ಕಿತು. ಮೊದಲ ಮಳೆಗಾಲದಲ್ಲೇ ನಮ್ಮ ಬಚ್ಚಲಿನ ಮೂಲೆಯಲ್ಲಿ ಕಪ್ಪು ಬೂಷ್ಟು ಹುಟ್ಟಿತು. ಮಳೆ ನಿಂತರೂ ಹೋಗದೆ ಚಾವಣಿಯವರೆಗೆ ಹಬ್ಬಿತು. ಅವ್ವನಿಗೆ ಮೊದಲೇ ದಮ್ಮು. ಸ್ನಾನ ಮಾಡಿ ಬಂದವಳು ಹೊಸ್ತಿಲ ಮೇಲೆ ಕೂತು, ಮಾತನ್ನು ತುಂಡು ತುಂಡು ಮಾಡಿ ಆಡುತ್ತಿದ್ದಳು. ಮೊದಲು ಮನೆಯ ತೇವ ನೋಡಿಕೊಳ್ಳಿ, ಆಮೇಲೆ ನನ್ನ ಔಷಧ ಎಂದರು ಡಾಕ್ಟರು.

ಕಾಕಾ ಬಂದರು, ಮೂಗು ಹಿಡಿದು ನೋಡಿದರು, ತೀರ್ಪು ಕೊಟ್ಟರು: "ಗ್ವಾಡಿ ನಂದು. ಅದರ ಮ್ಯಾಲಿನ ಕರೇ ಬುರಶಿ ನಿಮ್ಮದು. ಖಿಡಕಿ ತಗೀರಿ, ದಿನಾ ಒರಸ್ರಿ."

"ನೀರು ಮ್ಯಾಲಿಂದ ಇಳಿತೈತ್ರಿ ಕಾಕಾ."

"ಮ್ಯಾಲೆ ಎರಡ ಜನಾ ಇದ್ದೇವಿ ತಮ್ಮಾ. ಕೃಷ್ಣಾ ನದಿ ಇಲ್ಲ."

ಆದರೂ ಮರುವಾರ ತಾವೇ ಸುಣ್ಣದ ಬಕೆಟ್ ಹಿಡಿದು ಬಂದು ಗೋಡೆಗೆ ಬಳಿದರು. ಅರಿಷಿಣಕ್ಕೆ ಅಂಜದ ಕ್ರಿಮಿ ಭೂಮಿಯ ಮೇಲಿಲ್ಲ ಎಂಬುದು ಅವರ ಕುಲದ ನಂಬಿಕೆ. ಸುಣ್ಣ ಆರುವ ಮೊದಲೇ ಅದರ ಮೇಲೆ ಅರಿಷಿಣದ ನೀರನ್ನೂ ಎರಚಿಬಿಟ್ಟರು. ನೋಡನೋಡುತ್ತಿದ್ದಂತೆ ಬಚ್ಚಲೆಲ್ಲ ಕೆಂಪಾಯಿತು.

"ಅಣ್ಣಾರ," ಎಂದಳು ಬಾಗಿಲಲ್ಲಿ ನಿಂತಿದ್ದ ಅವ್ವ, "ಜಲ್ಮಾ ತುಂಬ ಅರಿಷಿಣಾ ಮಾರೀರಿ. ಸುಣ್ಣಾ ಕೂಡಿದ್ರ ಓಕುಳಿ ಆಗ್ತೈತಿ ಅಂತ ನಿಮಗ ಯಾರೂ ಹೇಳಲಿಲ್ಲೇನ್ರಿ?"

"ನಾ ಬರೇ ಮಾರಿದೆ ತಂಗೆವ್ವಾ. ಕಲಸಿದವ್ರು ಗಿರಾಕಿಗಳು."

ಅವ್ವ ಕೆಮ್ಮುತ್ತಲೇ ನಕ್ಕಳು. ಸ್ವಲ್ಪ ದಿನದಲ್ಲಿ ಆ ಕೆಂಪಿನ ಮೇಲೆ ಕಪ್ಪು ಮತ್ತೆ ಮೂಡಿತು.

ಎರಡನೆಯ ಮಳೆಗಾಲದಲ್ಲಿ ಅವ್ವನನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಆಕೆ ಮನೆಗೆ ಮರಳಿದ ಮರುದಿನ ಬೆಳಿಗ್ಗೆ ನಾನು ಗಾರೆ ಕೆಲಸದ ಗೌಂಡಿಯೊಬ್ಬನನ್ನು ಕರೆದುಕೊಂಡು, ಹೇಳದೆ ಕೇಳದೆ ಮೇಲೆ ಹತ್ತಿದೆ. ಮುಚ್ಚಿದ ಬಚ್ಚಲಿನ ಬಾಗಿಲ ಆಚೆಯಿಂದ ಕಾಕಾ ಮಾತಾಡುವುದು ಕೇಳಿತು.

"ಕಣ್ಣ ಮುಚ್ಚ, ಸೀಗಿಕಾಯಿ ಹೋದೀತು. ಇವತ್ತ ಪ್ಯಾಟ್ಯಾಗ ಅರಿಷಿಣಾ ಏರೈತಂತ. ಹಾಂ, ನಗು ಬಂತು ನೋಡು ಸಾವಕಾರತಿಗೆ."

ತಂಬಿಗೆಯ ಮೇಲೆ ತಂಬಿಗೆ ನೀರು ಬೀಳುತ್ತಿತ್ತು. ಆಮೇಲೆ ಬಾಗಿಲು ತೆರೆಯಿತು. ಸೀರೆಯಲ್ಲಿ ಸುತ್ತಿದ ಕಾಕುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ ಕಾಕಾ ನಮ್ಮನ್ನು ನೋಡಿದರೂ ನಿಲ್ಲದೆ, ಆಕೆಯನ್ನು ಮಂಚಕ್ಕೆ ಒರಗಿಸಿ, ಆಕೆಯ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಆ ಅಂಗೈಗೆ ತಮ್ಮ ಕೈ ಆಸರೆ ಕೊಟ್ಟು ಕೂತರು. ಮೈಮೇಲೆ ನೀರು ಬೀಳದೆ ಲಿಂಗ ಮುಟ್ಟುವಂತಿಲ್ಲ. ಲಿಂಗಪೂಜೆಯಾಗದೆ ತುತ್ತು ಮುಟ್ಟುವಂತಿಲ್ಲ. ಅರ್ಧ ಮೈ ಸ್ವಾಧೀನ ತಪ್ಪಿದ ಮೇಲೂ ಕಾಕು ಆ ನೇಮ ಬಿಟ್ಟಿರಲಿಲ್ಲ. ಮುಂಜಾನೆಯ ಊಟಕ್ಕೊಮ್ಮೆ, ಸಂಜೆಯ ಊಟಕ್ಕೊಮ್ಮೆ ಕಾಕಾ ಆಕೆಗೆ ಎರೆಯುತ್ತಿದ್ದರು. ಅವರ ಬೆರಳುಗಳ ನಿರಿಗೆ ಆ ನೀರಿನದು. ನಮ್ಮ ಗೋಡೆಯ ಬೂಷ್ಟೂ ಅದೇ ನೀರಿನದು.

ಗೌಂಡಿ ಬಚ್ಚಲಿನ ನೆಲ ತಟ್ಟಿ ನೋಡಿದ. "ನೆಲದ ಫರಶಿ ಒಡೀಬೇಕ್ರಿ. ಹೊಸಾ ಪೈಪ್ ಹಾಕಿ, ಎರಡ ವಾರ ಹನಿ ನೀರು ಬೀಳಬಾರದು."

ಕಾಕಾ ನನ್ನನ್ನು ಮೆಟ್ಟಿಲ ಬಳಿಗೆ ಕರೆದರು. "ನೀರು ನಮ್ಮದ ಅಂತ ನನಗ ಗೊತ್ತಿತ್ತು ತಮ್ಮಾ. ಒಡಸಿದ್ರ ಈಕಿ ಉಪಾಸ ಬೀಳ್ತಾಳ. ಒಡಸಲಿಲ್ಲಂದ್ರ ಕೆಳಗ ತಂಗೆವ್ವಗ ಉಸಿರಿಲ್ಲ. ಯಾರನ್ನ ಉಳಸಲಿ, ನೀನ ಹೇಳು."

ಜಗಳಕ್ಕೆಂದು ಹತ್ತಿದ್ದವನು ಇಳಿದು ಅವ್ವನಿಗೆ ಎಲ್ಲ ಹೇಳಿದೆ. ಸಂಗತಿ ಕೇಳಿದ ಅವ್ವ ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ದಮ್ಮು ತೆಗೆದುಕೊಂಡು, ತಾನೇ ಮೇಲೆ ಹೋದಳು.

"ಅಕ್ಕಾರ, ಕೆಲಸಾ ಮುಗಿಯೂತನಕ ನಮ್ಮಲ್ಲೆ ಇರ್ರಿ. ನಮ್ಮ ಬಚ್ಚಲದಾಗ ಜಳಕಾ ಆಗಲಿ."

ಕಾಕು ತೊದಲಿದರು: "ಆ ಬುರಶಿ ಬಚ್ಚಲದಾಗ?"

"ನಿಮ್ಮ ನೀರಿಗೆ ಹುಟ್ಟಿದ್ದರೀ ಅದು. ನಿಮ್ಮ ಗುರ್ತು ಹಿಡಿತೈತಿ ಬರ್ರಿ."

ನಾನು, ಕಾಕಾ, ಗೌಂಡಿ ಕೂಡಿ ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು. ನಮ್ಮ ಮುಂದಿನ ಕೋಣೆಯ ಖಿಡಕಿ ಓಣಿಗೆ ತೆರೆಯುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಕಾಕು ಬೀದಿ ಕಂಡರು. ಕಾಯಿಪಲ್ಲೆಯ ಗಾಡಿಯವನನ್ನು ನಿಲ್ಲಿಸಿ, ದರ ಕೇಳಿ, ತುಟ್ಟಿಯೆಂದು ಬೈದು, ಏನೂ ಕೊಳ್ಳದೆ ಕಳಿಸುವುದು ಅವರ ದಿನದ ಕೆಲಸವಾಯಿತು. ಅವನೂ ಬೈಸಿಕೊಳ್ಳಲೆಂದೇ ನಿಲ್ಲುತ್ತಿದ್ದ.

ಮೇಲೆ ಹೊಸ ಫರಶಿ ಕೂಡಿಸುವ ದಿನ. ಜಳಕವಾಗಿತ್ತು, ಪೂಜೆಯಾಗಿತ್ತು. ತುತ್ತು ಬಾಯಿಗೆ ಬರುವ ಮೊದಲೇ ಕಾಕುವಿನ ಕತ್ತು ವಾಲಿತು. ಕಾಕಾ ಆ ತುತ್ತನ್ನು ಕೈಯಲ್ಲಿ ಹಿಡಿದೇ ಬಹಳ ಹೊತ್ತು ಕೂತಿದ್ದರು.

"ಕೆಳಗ ತರಬಾರದಿತ್ತು ಅಣ್ಣಾರ" ಎಂದು ಅವ್ವ ಅತ್ತಳು.

"ಹುಚ್ಚಿ ಅದಿ. ಓಣಿ ನೋಡಿ ಹೋದ್ಲು. ಮ್ಯಾಲೆ ನನ್ನ ಕಡೆ ಇದ್ದಿದ್ರ ತಲಿ ಮ್ಯಾಲಿನ ಛತ್ತ ನೋಡಕೋತ ಹೋಗ್ತಿದ್ಲು."

ಮಣ್ಣು ಮಾಡಿ ಬಂದ ಮೇಲೆ ಗೌಂಡಿ, ಉಳಿದ ಕೆಲಸಕ್ಕೆ ಇನ್ನು ಅವಸರವಿಲ್ಲವಲ್ಲ ಎಂದ. "ಐತಿ" ಎಂದರು ಕಾಕಾ. "ಒಬ್ಬಾಕಿನ್ನರ ಉಳಸೂಣು." ಕೊನೆಯ ಫರಶಿ ಕೂಡುವವರೆಗೆ ಮಗ್ಗುಲಲ್ಲೇ ನಿಂತು ಮಾಡಿಸಿದರು. ಆದರೆ ಆ ಬಚ್ಚಲಲ್ಲಿ ತಾವು ಒಂದು ತಂಬಿಗೆ ನೀರೂ ಹಾಕಿಕೊಳ್ಳಲಿಲ್ಲ. ಥಂಡಿಯ ದಿನಗಳಲ್ಲೂ ಅಂಗಳದ ನಳದ ಕೆಳಗೇ ಕೂರುತ್ತಿದ್ದರು. ಹೊಸ ಬಚ್ಚಲಿದೆಯಲ್ಲ ಎಂದರೆ, "ಅಲ್ಲೆ ಮಾತಾಡಾಕ ಯಾರದಾರ ತಮ್ಮಾ?" ಎನ್ನುತ್ತಿದ್ದರು.

ಮುಂದಿನ ಮಳೆಗಾಲ ನಮ್ಮ ಗೋಡೆ ಒಣಗಿಯೇ ಇತ್ತು. ಆ ಮಳೆಗಾಲದ ಕೊನೆಗೆ ಕಾಕಾ ಹೋದರು.

ಪದ್ಧತಿಯಂತೆ ಅವರನ್ನು ಕೂರಿಸಿ ವಿಭೂತಿ ಹಚ್ಚಿದ್ದರು. ಭಜನೆಯವರು ಬರುವುದು ತಡವಾಯಿತು. ಅವ್ವ ಸೆರಗು ಸುತ್ತಿಕೊಂಡು ಅವರೆದುರು ಕೂತಳು. ತವರೂರು ಬೇಡಗದಲ್ಲಿ ತನ್ನ ಅವ್ವನಿಂದ ಕಲಿತ ಭಜನೆಯ ಪದಗಳನ್ನು ಹಾಡತೊಡಗಿದಳು. ಒಂದರ ಬೆನ್ನಿಗೊಂದು, ಅವರನ್ನು ಎತ್ತುವವರೆಗೂ ಹಾಡಿದಳು. ಒಂದು ಸಾಲಿನಲ್ಲೂ ಉಸಿರು ಕಡಿಯಲಿಲ್ಲ.