ಸೊಂಡಿಲ ಬಳಗ ಮತ್ತು ಹೂವಿನ ನೀರು

ಮಹ್ರೆಜ್ ಇಪ್ಪತ್ತೊಂಬತ್ತು ವರ್ಷ ನಾಬೆಲ್‌ನಿಂದ ರಾಜಧಾನಿ ಟ್ಯುನಿಸ್‌ಗೆ ಲುವಾಜ್ ಓಡಿಸಿದವನು. ಎಂಟು ಜನ ತುಂಬಿದ ಮೇಲಷ್ಟೇ ಹೊರಡುವ ಬಾಡಿಗೆ ಬಂಡಿ ಅದು. ಅಷ್ಟು ವರ್ಷಗಳಲ್ಲಿ ಅವನ ಬಂಡಿಗೆ ಗೀರು ಬಿದ್ದದ್ದು ಒಂದೇ ಸಲ, ಅದೂ ನಿಂತಿದ್ದಾಗ ಕತ್ತೆಗಾಡಿಯೊಂದು ಸವರಿಕೊಂಡು ಹೋಗಿ. ಅಂಥವನು ಐವತ್ತಮೂರನೆಯ ವಯಸ್ಸಿನಲ್ಲಿ, ಹಾಡಹಗಲು ಹನ್ನೊಂದು ಗಂಟೆಗೆ, ಹೆದ್ದಾರಿಯ ಸುಂಕದ ಕಟ್ಟೆಯ ಮುಂದೆ ಬಂಡಿ ನಿಲ್ಲಿಸಿ, ಚಿಲ್ಲರೆ ಹಿಡಿದ ಕೈಯನ್ನು ಕಿಟಕಿಯಾಚೆ ಚಾಚಿ, ಹಾಗೆಯೇ ನಿದ್ದೆ ಹೋದ.

ಹಿಂದಿನ ಸೀಟಿನ ಮುದುಕಿ ಅವನ ಭುಜ ಅಲುಗಿಸಿದಳು. "ಮಗಾ, ಸತ್ತಿದ್ದೀಯೋ ಬದುಕಿದ್ದೀಯೋ? ಬದುಕಿದ್ರೆ ಗೇರು ಹಾಕು."

ಬಂಡಿಯ ತುಂಬ ನಗು. ಮಹ್ರೆಜ್ ನಗಲಿಲ್ಲ. ಆ ಸಂಜೆಯೇ ಬಂಡಿಯ ಕೀಲಿಯನ್ನು ಹೆಂಡತಿ ಸಾಲ್ಹಾಳ ಕೈಗಿತ್ತು, "ಡಾಕ್ಟರು ಓಡಿಸು ಅನ್ನೋವರೆಗೂ ಇದನ್ನ ನಂಗೆ ಕೊಡಬೇಡ" ಎಂದ.

ಪರೀಕ್ಷೆ ಮಾಡಿ ನೋಡಿದಾಗ, ನಿದ್ದೆಯಲ್ಲಿ ಅವನ ಉಸಿರು ಗಂಟೆಗೆ ನಲವತ್ತಾರು ಸಲ ನಿಲ್ಲುತ್ತಿದೆ ಎಂದು ತಿಳಿಯಿತು. ಗಾಳಿಯನ್ನು ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಯಂತ್ರ, ಅದರಿಂದ ಹೊರಟ ಉದ್ದನೆಯ ಪೈಪು, ಮೂಗಿಗೆ ಕಟ್ಟಿಕೊಳ್ಳುವ ಮಾಸ್ಕು ಮನೆಗೆ ಬಂದವು. ಮೊದಲ ವಾರ ಮಾಸ್ಕು ಒಂದು ಗಂಟೆಗಿಂತ ಹೆಚ್ಚು ಹೊತ್ತು ಅವನ ಮುಖದ ಮೇಲೆ ನಿಲ್ಲಲಿಲ್ಲ. ಯಾರೋ ದಿಂಬು ಒತ್ತಿ ಹಿಡಿದ ಹಾಗಾಗುತ್ತದೆ ಎಂದು ಕಿತ್ತು ಎಸೆಯುತ್ತಿದ್ದ.

"ಗೊರಕೆ ನಿಂತು ನಂಗಾದ್ರೂ ನಿದ್ದೆ ಬರಲಿ ಅಂತ ಕಾದಿದ್ದೆ," ಎಂದಳು ಸಾಲ್ಹಾ. "ಈಗ ಗೊರಕೆ ಜೊತೆಗೆ ನಿನ್ನ ಬೈಗುಳಾನೂ ಕೇಳಬೇಕಾಯ್ತು."

ಎಂಟನೆಯ ದಿನ ಅವನು ಫೇಸ್‌ಬುಕ್‌ನಲ್ಲಿ ತನ್ನ ಗೋಳು ಬರೆದ. ದೇಶದ ಆ ತುದಿಯ ಗಾಬೆಸ್‌ನಿಂದ ಷಾದ್ಲಿ ಎಂಬ ನಿವೃತ್ತ ಮೇಷ್ಟ್ರು ದನಿಯಲ್ಲೇ ಉತ್ತರ ಕಳಿಸಿದರು. ಅವರೂ ಅದೇ ಕಾಯಿಲೆಯವರು.

"ಮೂರು ದಿನ ರಾತ್ರಿ ಅದರ ಜೊತೆ ಜಗಳ ಆಡಬೇಡಪ್ಪ. ಮಧ್ಯಾಹ್ನ ಊಟ ಆದ್ಮೇಲೆ ಒರಗ್ತೀಯಲ್ಲ, ಆಗ ಹಾಕ್ಕೊ. ಫೋನು ಪಕ್ಕದಲ್ಲಿ ಇಟ್ಕೊ. ನಾನು ಮಾತಾಡ್ತಾ ಇರ್ತೀನಿ. ಮೂವತ್ತೈದು ವರ್ಷ ಭೂಗೋಳ ಪಾಠ ಮಾಡಿದೀನಿ. ನನ್ನ ಮಾತಿಗೆ ನಿದ್ದೆ ಹೋಗದ ಮನುಷ್ಯನನ್ನ ನಾನಿನ್ನೂ ಕಂಡಿಲ್ಲ."

ಮೇಷ್ಟ್ರು ಮೆಜೆರ್ದಾ ನದಿಯ ವಿಷಯ ಎತ್ತಿಕೊಂಡರು. ನದಿ ಸಮುದ್ರ ಸೇರುವ ಮೊದಲೇ ಮಹ್ರೆಜ್ ನಿದ್ದೆ ಹೋಗಿದ್ದ. ಎರಡು ತಿಂಗಳಾದ ಮೇಲೆ ಡಾಕ್ಟರು ಓಡಿಸಬಹುದು ಎಂದರು. ಸಾಲ್ಹಾ ಕೀಲಿಯನ್ನು ಒರೆಸಿ ಕೊಟ್ಟಳು.

ಆಮೇಲೆ ಮೇಷ್ಟ್ರು ಮತ್ತು ಮಹ್ರೆಜ್ ಸೇರಿ ಒಂದು ಗುಂಪು ಕಟ್ಟಿದರು. ಮೂಗಿನಿಂದ ಪೈಪು ಇಳಿಬಿಟ್ಟುಕೊಂಡವರು ಆನೆಗಳಲ್ಲದೆ ಇನ್ನೇನು ಎಂದು ಅದಕ್ಕೆ ಸೊಂಡಿಲ ಬಳಗ ಎಂಬ ಹೆಸರು ಬಂತು. ಮೂರು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಜನ ಸೇರಿದರು. ಡಾಕ್ಟರ ಮಾತಿಗೆ ಯಾರೂ ಅಡ್ಡ ಬರಬಾರದು ಎಂಬುದು ಅಲ್ಲಿಯ ಕಟ್ಟಳೆ. ಹೊಸಬರು ಬಂದರೆ ಮಧ್ಯಾಹ್ನ ಒಂದು ಗಂಟೆಗೆ ಮಾಸ್ಕು ಹಾಕಿ ಫೋನಿನಲ್ಲಿ ಕೂಡಬೇಕು, ಹಳಬರಲ್ಲಿ ಒಬ್ಬರು ಅವರಿಗೆ ನಿದ್ದೆ ಬರುವವರೆಗೂ ಮಾತಾಡಬೇಕು. ಇದನ್ನು ಅವರು ಮಲಗಿಸುವ ಸರದಿ ಎನ್ನುತ್ತಿದ್ದರು. ಗಡ್ಡ ಎಷ್ಟು ಕತ್ತರಿಸಿದರೆ ಗಾಳಿ ಸೋರುವುದಿಲ್ಲ, ಪಟ್ಟಿ ಎಷ್ಟು ಬಿಗಿದರೆ ಕೆನ್ನೆಯಲ್ಲಿ ಗೆರೆ ಮೂಡುವುದಿಲ್ಲ ಎಂಬುದೆಲ್ಲ ಮಹ್ರೆಜನಿಗೆ ಕರತಲಾಮಲಕವಾಯಿತು. ಆರನೆಯ ತರಗತಿಗೆ ಶಾಲೆ ಬಿಟ್ಟವನ ಮಾತನ್ನು ಬ್ಯಾಂಕಿನ ಮ್ಯಾನೇಜರೂ ವಕೀಲರೂ ಬರೆದಿಟ್ಟುಕೊಳ್ಳುತ್ತಿದ್ದರು. ಇದರಿಂದ ಅವನ ಎದೆ ಉಬ್ಬುತ್ತಿತ್ತು ಎಂದರೆ ಅದು ಸುಳ್ಳಲ್ಲ.

ಚಳಿಗಾಲದಲ್ಲಿ ವಸೀಲಾ ಎಂಬಾಕೆ ಸೇರಿದಳು. ಬೆಟ್ಟದ ಮೇಲಿನ ಕೆಫ್ ಊರಿನವಳು, ಮಾತಿನ ಧಾಟಿಯೇ ಬೇರೆ. ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರದಲ್ಲಿ ಕೆಲಸ. "ಮಕ್ಕಳನ್ನ ಮಲಗಸೂದು ನನ್ನ ಕೆಲಸರೀ ಅಣ್ಣಾ. ಆದರ ಅವರಕಿಂತ ಮೊದಲ ನಾನ ಮಲಗಿರ್ತೀನಿ. ತೊಡಿ ಮ್ಯಾಲಿಂದ ಒಂದ್ ಕೂಸು ಬಿದ್ರ ಏನ್ ಗತಿ?" ಎಂದು ಮೊದಲ ದಿನವೇ ಕೇಳಿದ್ದಳು. ಅವಳನ್ನು ಮಲಗಿಸುವ ಸರದಿ ಹೊತ್ತವನು ಮಹ್ರೆಜ್. ತಿಂಗಳೊಳಗೆ ಅವಳಿಗೆ ಯಂತ್ರ ಒಗ್ಗಿತು. "ಇವತ್ತ ಹನ್ನೊಂದೂ ಮಕ್ಕಳು ಮಲಗಿದ್ರು, ನಾ ಎಚ್ಚರಿದ್ದೆ" ಎಂದು ಅವಳು ಬರೆದ ದಿನ ಮಹ್ರೆಜ್ ಅದನ್ನು ನಿಲ್ದಾಣದಲ್ಲಿ ನಾಲ್ಕು ಜನಕ್ಕೆ ಓದಿ ಹೇಳಿದ.

ಏಪ್ರಿಲ್ ಬಂತು, ಕಹಿ ಕಿತ್ತಳೆಯ ಹೂ ಬಂತು. ನಾಬೆಲ್‌ನಲ್ಲಿ ಆ ತಿಂಗಳು ಬಟ್ಟಿ ಇಳಿಸದ ಮನೆಯಿಲ್ಲ. ಸಾಲ್ಹಾ ತನ್ನ ತಾಯಿಯ ತಾಮ್ರದ ಪಾತ್ರೆ ಒಲೆಗೇರಿಸಿ ಹೂವಿನ ನೀರು ತೆಗೆದಳು. ಮೊದಲ ಸೀಸೆಗಳಲ್ಲಿ ಗಾಢವಾದದ್ದು ಇಳಿಯುತ್ತದೆ, ಕೊನೆಗೆ ಬರುವುದು ತೆಳು ನೀರು. ಆ ತೆಳು ನೀರಿನ ಸೀಸೆ ನೋಡುತ್ತಾ ಮಹ್ರೆಜನಿಗೆ ಒಂದು ಯೋಚನೆ ಹೊಳೆಯಿತು. ಮೂಗು ಒಣಗದಿರಲೆಂದು ಯಂತ್ರಕ್ಕೆ ಒಂದು ನೀರಿನ ಡಬ್ಬಿ ಇರುತ್ತದೆ, ಅದಕ್ಕೆ ಬಟ್ಟಿ ಇಳಿಸಿದ ನೀರೇ ಆಗಬೇಕು. ಅಂಗಡಿಯಲ್ಲಿ ಸಿಗುವುದು ಬಂಡಿಯ ಬ್ಯಾಟರಿಗೆ ಸುರಿಯುವಂಥದು.

"ಬ್ಯಾಟರಿ ನೀರನ್ನ ನಾವ್ಯಾಕೆ ಉಸಿರಾಡಬೇಕು?" ಎಂದ ಅವನು. "ಇದೂ ಬಟ್ಟಿ ಇಳಿಸಿದ್ದೇ ತಾನೆ? ಕೈಕೂಸಿಗೂ ಎರಡು ಹನಿ ಕುಡಿಸ್ತೀವಿ."

"ನಮ್ಮಮ್ಮನ ಪಾತ್ರೇದು. ಇದರ ಮುಂದೆ ಅಂಗಡೀದು ಯಾವ ಲೆಕ್ಕ?" ಎಂದಳು ಸಾಲ್ಹಾ.

ಒಂದು ವಾರ ಅವನೇ ಹಾಕಿಕೊಂಡು ನೋಡಿದ. ತೋಟದಲ್ಲಿ ಮಲಗಿದಂತಿತ್ತು. ಬಳಗದಲ್ಲಿ ಬರೆದ. ಬೇಕೆಂದು ಕೇಳಿದ ಹನ್ನೆರಡು ಜನಕ್ಕೆ ಸೀಸೆ ಕಟ್ಟಿ ಲುವಾಜ್‌ಗಳಲ್ಲಿ ಕಳಿಸಿದ. ಒಬ್ಬ ಚಾಲಕನ ಕೈಯಿಂದ ಇನ್ನೊಬ್ಬನ ಕೈಗೆ ದಾಟುತ್ತಾ ಸೀಸೆಗಳು ಊರೂರು ಸೇರಿದವು. ಒಂದು ಕೆಫ್‌ಗೂ ಹೋಯಿತು.

ಮೇ ತಿಂಗಳಲ್ಲಿ ವಸೀಲಾ ಬಳಗದಲ್ಲಿ ಬರೆದಳು: "ಮಹ್ರೆಜಣ್ಣಾ, ನಿಮ್ಮ ನೀರು ಹಾಕಿದಾಗಿಂದ ಎದಿಯೊಳಗ ಸಿಳ್ಳಿ ಹೊಡದಂಗ ಆಗ್ತೈತಿ. ಕೆಮ್ಮು ನಿಲ್ಲವಲ್ತು."

ಮಹ್ರೆಜ್ ಆಗ ಊಟಕ್ಕೆ ಕೂತಿದ್ದ. ಎರಡನೆಯ ಸಲ ಓದದೆ ಉತ್ತರ ಬರೆದ: "ತಂಗಿ, ಅದು ನಮ್ಮಜ್ಜಿಯರ ಕಾಲದ ನೀರು. ಅದರಿಂದ ಕೆಮ್ಮಿದವರನ್ನ ನಾಬೆಲ್ ಕಂಡಿಲ್ಲ. ನಿಮ್ಮ ಬೆಟ್ಟದ ಧೂಳಿರಬೇಕು." ಅವನು ದಾರಿ ತೋರಿಸಿದ್ದೇ ತಡ, ಉಳಿದ ಗಂಡಸರು ಸಾಲುಗಟ್ಟಿದರು. ಒಬ್ಬ ಬರೆದ, "ಕೆಫ್‌ನೋರಿಗೆ ಕುರಿ ಹಟ್ಟಿ ವಾಸನೆ ಅಭ್ಯಾಸ, ಹೂವು ಒಗ್ಗಲ್ಲ." ಮೂವತ್ತು ಜನ ಅದಕ್ಕೆ ನಗುವ ಗುರುತು ಒತ್ತಿದರು. ಮಹ್ರೆಜನೂ ಒತ್ತಿದ.

ಮರುದಿನ ವಸೀಲಾ ಬಳಗದಲ್ಲಿ ಇರಲಿಲ್ಲ.

ಮೂರು ವಾರದ ನಂತರ ಅವನು ಮಾಸ್ಕು ಬದಲಿಸಲು ಟ್ಯುನಿಸ್‌ನ ಅಂಗಡಿಗೆ ಯಂತ್ರವನ್ನೂ ಒಯ್ದ. ಅಲ್ಲಿ ಯಂತ್ರ ರಿಪೇರಿ ಮಾಡುವ ಹುಡುಗಿ ನೀರಿನ ಡಬ್ಬಿ ತೆಗೆದವಳೇ ಮೂಸಿ ನೋಡಿದಳು.

"ಚಿಕ್ಕಪ್ಪಾ, ಇದು ಉಸಿರಿನ ಯಂತ್ರಾನೋ ಸಿಹಿತಿಂಡಿ ಅಂಗಡೀನೋ? ಏನು ಸುರಿದಿದ್ದೀರಿ?"

ಅವನು ಹೆಮ್ಮೆಯಿಂದಲೇ ಹೇಳಿದ. ಅವಳು ಡಬ್ಬಿಯ ಅಂಚಿನ ಸುತ್ತ ಬೆರಳಾಡಿಸಿ ತೋರಿಸಿದಳು. ಬೆರಳಿಗೆ ಜಿಡ್ಡು ಅಂಟಿತ್ತು.

"ಹೂವಿನ ಎಣ್ಣೆ ಇದು. ಕುಡಿಯೋಕೆ ಒಳ್ಳೇದಿರಬಹುದು. ಹೊಟ್ಟೆ ಬೇರೆ, ಎದೆ ಬೇರೆ. ಇಡೀ ರಾತ್ರಿ ಒತ್ತಡದಲ್ಲಿ ಇದು ಒಳಗೆ ಹೋಗುತ್ತೆ. ನಿಮ್ಮದು ಗಟ್ಟಿ ಜೀವ, ತಡ್ಕೊಂಡ್ರಿ. ಎದೆ ಸೂಕ್ಷ್ಮ ಇರೋರಿಗೆ ಉಬ್ಬಸ ಹಿಡಿಯುತ್ತೆ."

ಹಿಂತಿರುಗುವಾಗ ಬಂಡಿಯ ಪ್ರಯಾಣಿಕರು ರೇಡಿಯೊ ಹಾಕಪ್ಪ ಎಂದರೂ ಮಹ್ರೆಜ್ ಹಾಕಲಿಲ್ಲ. ಮನೆ ಸೇರಿ ಮೇಷ್ಟ್ರಿಗೆ ಫೋನು ಮಾಡಿದ.

"ಎಲ್ಲರೆದುರು ಹೇಳಿದ್ದನ್ನ ಎಲ್ಲರೆದುರೇ ವಾಪಸ್ ತಗೋಬೇಕು," ಎಂದರು ಮೇಷ್ಟ್ರು. "ನಾನೂ ಒಂದು ಸೀಸೆ ತರಿಸ್ಕೊಂಡಿದ್ದೆ ಕಣಯ್ಯ. ಭೂಗೋಳ ಓದಿದೋನಿಗೆ ರಸಾಯನ ಗೊತ್ತಿರಬೇಕಿತ್ತು. ನನ್ನ ಹೆಸರೂ ಸೇರಿಸು."

ಅವನು ಸೇರಿಸಲಿಲ್ಲ. ಬರೆಯಲಿಲ್ಲ ಕೂಡ, ಬಳಗದಲ್ಲಿ ತನ್ನ ದನಿಯಲ್ಲೇ ಹೇಳಿದ: "ನಾನು ಮಹ್ರೆಜ್. ಹೂವಿನ ನೀರು ನಾನು ಕಳಿಸಿದ್ದು. ತಪ್ಪು. ಇವತ್ತೇ ಚೆಲ್ಲಿ, ಡಬ್ಬಿ ಬದಲಿಸಿ, ಎದೆ ಹಿಡಿದಿದ್ರೆ ಡಾಕ್ಟರನ್ನ ನೋಡಿ. ವಸೀಲಾ ತಂಗಿ ಸರಿಯಾಗೇ ಹೇಳಿದ್ಲು. ಅವಳು ಉಸಿರಾಡಕ್ಕಾಗ್ತಿಲ್ಲ ಅಂದಾಗ ನಾನು ನಕ್ಕೆ. ಉಸಿರು ನಿಲ್ಲೋದು ಅಂದ್ರೇನು ಅಂತ ಗೊತ್ತಿದ್ದೂ ನಕ್ಕೆ."

ಆದರೆ ಯಾರು ಕೇಳಬೇಕಿತ್ತೋ ಅವಳು ಬಳಗದಲ್ಲಿರಲಿಲ್ಲ. ಅವನ ಕರೆಯನ್ನೂ ಎತ್ತಲಿಲ್ಲ. ಅಡುಗೆಮನೆಯಲ್ಲಿ ಸಾಲ್ಹಾ ಪಾತ್ರೆಗಳನ್ನು ಸದ್ದು ಮಾಡುತ್ತಾ ಇಡುತ್ತಿದ್ದಳು. ತಾಯಿಯ ಪಾತ್ರೆಗೆ ಕಳಂಕ ಬಂತೆಂದು ಎರಡು ದಿನ ಅವಳು ಮುಖ ಕೊಟ್ಟು ಮಾತಾಡಿರಲಿಲ್ಲ. ಮೂರನೆಯ ದಿನ ತಾನೇ ಬಂದು ಕೈ ಚಾಚಿದಳು.

"ನಂಬರು ಕೊಡು. ಮೂವತ್ತು ಗಂಡಸರು ಸೇರಿ ಒಬ್ಬ ಹೆಂಗಸನ್ನ ನೋಡಿ ನಕ್ಕಿದ್ದೀರಿ. ಮತ್ತೆ ಗಂಡಸಿನ ದನಿ ಕೇಳೋಕೆ ಫೋನು ಎತ್ತುತಾಳಾ ಅವಳು?"

ವಸೀಲಾ ಸಾಲ್ಹಾಳ ಕರೆ ಎತ್ತಿದಳು. ಬಳಗ ಬಿಟ್ಟ ದಿನದಿಂದ ಅವಳು ಯಂತ್ರ ಮುಟ್ಟಿರಲಿಲ್ಲ. ಹಿಂದಿನ ಸೋಮವಾರ ತೂಕಡಿಸುವಾಗ ತೊಡೆಯ ಮೇಲಿನ ಕೂಸು ಜಾರಿತ್ತು. ಕೆಳಗೆ ಹಾಸಿಗೆ ಇದ್ದದ್ದರಿಂದ ಪೆಟ್ಟಾಗಲಿಲ್ಲ. ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗು ಎಂದು ಶಿಶುವಿಹಾರದ ಒಡತಿ ಹೇಳಿಬಿಟ್ಟಿದ್ದಳು.

"ಮತ್ತ ನಿಮ್ಮ ಮಂದಿ ಮಾತು ನಂಬಬೇಕೇನ್ರಿ ಅಕ್ಕಾ?" ಎಂದು ವಸೀಲಾ ಕೇಳಿದಳು.

"ನಂಬಬೇಡ," ಎಂದಳು ಸಾಲ್ಹಾ. "ನನ್ನೂ ನಂಬಬೇಡ, ನನ್ನ ಗಂಡನ್ನೂ ನಂಬಬೇಡ. ನಾಳೆ ನಿನ್ನ ಡಾಕ್ಟರ ಹತ್ರ ಹೋಗಿ ಏನು ಸುರಿದಿದ್ದೆ ಅಂತ ಹೇಳು. ಅವರು ಬೇಡ ಅಂದ್ರೆ ಬೇಡ. ಹಾಕ್ಕೊ ಅಂದ್ರೆ ಹಾಕ್ಕೊ. ಹೊಸ ಪೈಪು ನಾವು ಕಳಿಸ್ತೀವಿ."

ಡಾಕ್ಟರು ಎದೆ ಪರೀಕ್ಷಿಸಿ, ಔಷಧಿ ಕೊಟ್ಟು, ಎರಡು ವಾರದ ನಂತರ ಎದೆ ತಿಳಿಯಾಗಿದೆ, ಯಂತ್ರ ಹಾಕಿಕೊಳ್ಳಬಹುದು ಎಂದರು. ಮಹ್ರೆಜ್ ಹೊಸ ಪೈಪು, ಹೊಸ ಡಬ್ಬಿ, ಅಂಗಡಿಯ ಮುದ್ರೆ ಒಡೆಯದ ಎರಡು ಸೀಸೆ ಬಟ್ಟಿ ನೀರು ಕಟ್ಟಿದ. ಟ್ಯುನಿಸ್‌ನ ಬಾಬ್ ಅಲೀವಾ ನಿಲ್ದಾಣದಲ್ಲಿ ಅದನ್ನು ಯಾರ ಕೈಗೂ ಕೊಡದೆ, ತಾನೇ ಊರಿನ ಆ ಬದಿಯ ಬಾಬ್ ಸಾದೂನ್ ನಿಲ್ದಾಣದವರೆಗೆ ಹೊತ್ತುಕೊಂಡು ಹೋಗಿ, ಕೆಫ್ ದಾರಿಯ ಚಾಲಕನ ಮಡಿಲಲ್ಲಿಟ್ಟ. "ಗಾಜಿನ ಸಾಮಾನಾ?" ಎಂದು ಆ ಚಾಲಕ ಕೇಳಿದ. "ಅದಕ್ಕಿಂತ ಹೆಚ್ಚು," ಎಂದ ಮಹ್ರೆಜ್.

ಆ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ವಸೀಲಾ ಮತ್ತೆ ಫೋನಿನಲ್ಲಿ ಬಂದಳು. ಇಪ್ಪತ್ತಮೂರು ಜನ ಕೂಡಿದ್ದರು. ಮಹ್ರೆಜ್ ಬಾಬ್ ಅಲೀವಾದಲ್ಲಿ ಸರದಿಯ ಸಾಲಿನಲ್ಲಿ ಬಂಡಿ ನಿಲ್ಲಿಸಿಕೊಂಡಿದ್ದ. ಕೆಮ್ಮು ಮತ್ತೆ ಬಂದರೆ ಯಂತ್ರವನ್ನು ಇವತ್ತೇ ಹಿಂದಿರುಗಿಸುತ್ತೇನೆ ಎಂದು ಅವಳು ಮೊದಲೇ ಹೇಳಿದ್ದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಮೇಷ್ಟ್ರು ಬ್ಯಾಡರಿ," ಎಂದಳು ಮಾಸ್ಕಿನೊಳಗಿಂದ. "ನಕ್ಕವರು ಮಾತಾಡ್ಲಿ."

ಮಹ್ರೆಜನಿಗೆ ನದಿ ಪರ್ವತ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದು ರಸ್ತೆ. ಅದನ್ನೇ ಹೇಳತೊಡಗಿದ. "ನಾಬೆಲ್ ಬಿಟ್ವಿ ತಂಗಿ. ಎಡಕ್ಕೆ ಮಡಕೆ ಅಂಗಡಿಗಳು, ಮಡಕೆ ಹೊರಗೆ ಜೋಡಿಸಿದಾರೆ. ನಿಧಾನ ಹೋಗೋಣ, ಅವಸರ ಇಲ್ಲ. ಈಗ ಬೂ ಅರ್ಗೂಬ್. ದ್ರಾಕ್ಷಿ ತೋಟ ಶುರುವಾಯ್ತು, ಎರಡೂ ಕಡೆ ಬಳ್ಳಿ. ಒಬ್ಬ ಮುದುಕ ನೆರಳಲ್ಲಿ ಕೂತಿದಾನೆ, ದಿನಾ ಕೂತಿರ್ತಾನೆ, ಕೈ ಎತ್ತುತಾನೆ, ನಾನೂ ಎತ್ತುತೀನಿ..."

ನಡುವೆ ಒಮ್ಮೆ ಅವಳು ಕೆಮ್ಮಿದಳು. ಇಪ್ಪತ್ತಮೂರು ಜನ ಉಸಿರು ಬಿಗಿಹಿಡಿದರು. ಮತ್ತೆ ಕೆಮ್ಮಲಿಲ್ಲ. ಗ್ರೊಂಬಾಲಿಯಾ ಮುಟ್ಟುವ ಹೊತ್ತಿಗೆ ಫೋನಿನಲ್ಲಿ ಉಸಿರು ಕೇಳಿಸಿತು. ಬಂತು, ಹೋಯಿತು, ಬಂತು, ಹೋಯಿತು. ನಡುವೆ ಎಲ್ಲೂ ತಡೆಯಲಿಲ್ಲ. ಮಹ್ರೆಜ್ ಮಾತು ನಿಲ್ಲಿಸಿದ. ಯಾರೂ ಫೋನು ಇಡಲಿಲ್ಲ.

ನಿಲ್ದಾಣದಲ್ಲಿ ಬಂಡಿಗಳ ಸರದಿ ನೋಡಿಕೊಳ್ಳುವ ಅಯ್ಯೂಬ್ ಕೂಗಿದ, "ಮಹ್ರೆಜ್, ನಿಂದು!" ಮಹ್ರೆಜ್ ಬಾಯಿಯ ಮೇಲೆ ಬೆರಳಿಟ್ಟು, ಹಿಂದಿನವನು ಹೋಗಲಿ ಎಂದು ಕೈ ಮಾಡಿದ. ಮುಕ್ಕಾಲು ಗಂಟೆಯ ಮೇಲೆ ಅಯ್ಯೂಬ್ ಮತ್ತೆ ಬಂದ. ಮತ್ತೆ ಅದೇ ಬೆರಳು, ಅದೇ ಕೈ.

ಒಂದೂವರೆ ಗಂಟೆಯಾದ ಮೇಲೆ ಅತ್ತಲಿಂದ ಮಂಚದ ಸದ್ದಾಯಿತು.

"ಯಾರರ ಅದೀರೇನು?"

"ಹದಿನೇಳು ಜನ ಇದೀವಮ್ಮ," ಎಂದರು ಮೇಷ್ಟ್ರು.

"ಯಪ್ಪಾ, ನಿಮಗ್ಯಾರಿಗೂ ಬ್ಯಾರೆ ಕೆಲಸ ಇಲ್ಲೇನು?"

ಯಾರೂ ನಗಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಮಹ್ರೆಜ್ ಕೇಳಿದ, "ಎದೆ ಹ್ಯಾಗಿದೆ ತಂಗಿ?"

ಅವಳು ದೀರ್ಘವಾಗಿ ಉಸಿರೆಳೆದು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. "ಸಿಳ್ಳಿ ಇಲ್ಲ. ನಾಳೆ ಮಕ್ಕಳು ಏಳಕ್ಕ ಬರ್ತಾವ. ಇವತ್ತ ರಾತ್ರಿ ಹಾಕ್ಕೋತೀನಿ."

ಆಗ ಹದಿನೇಳು ಊರುಗಳಿಂದ ಒಟ್ಟಿಗೆ ಸದ್ದು ಎದ್ದಿತು. ಗಾಬೆಸ್‌ನಲ್ಲಿ ಮೇಷ್ಟ್ರು ಮೇಜು ಬಡಿಯುತ್ತಿದ್ದರು. ಮಹ್ರೆಜ್ ಬಂಡಿಯಿಂದಿಳಿದು ಬೆನ್ನು ನೆಟ್ಟಗೆ ಮಾಡಿಕೊಂಡ.

"ಎರಡು ಸರದಿ ಬಿಟ್ಯಲ್ಲೋ," ಎಂದು ಅಯ್ಯೂಬ್ ರೇಗಿದ. "ಯಾರದಯ್ಯಾ ಅಂಥಾ ಫೋನು?"

"ಕೆಫ್‌ನಲ್ಲಿ ನಮ್ಮೋಳೊಬ್ಬಳು ಮಲಗಿದ್ಲು."

"ಮಲಗಿದ್ದಕ್ಕೆ ಇಷ್ಟೊಂದು ಮುಖ ಅರಳಬೇಕಾ?"

"ಹೂಂ," ಎಂದು ಮಹ್ರೆಜ್ ಬಂಡಿಯ ಬಾಗಿಲು ಸರಿಸಿ ಕೂಗಿದ, "ನಾಬೆಲ್, ನಾಬೆಲ್, ಹತ್ತಿ!"